ಅಜ್ಜಿಯ ನೇರಳೆ ತುಂಡು

ಉದ್ಯಾವರದ ನಮ್ಮ ಮನೆಯಲ್ಲಿ ಬಾಗಿಲು ದಾಟಿದ ಕೂಡಲೇ ಸಿಗುವ ಕೋಣೆಗೆ ನಾಲ್ಕೈದು ಕೆಲಸಗಳಿದ್ದವು. ಬೆಳಿಗ್ಗೆಯಿಂದ ಸಂಜೆಯವರೆಗೆ ಅದು ಅಮ್ಮನ ಹೊಲಿಗೆ ಅಂಗಡಿ. ನೆಂಟರು ಬಂದರೆ ಚಾವಡಿ. ಪರೀಕ್ಷೆ ಹತ್ತಿರ ಬಂದರೆ ನಾನೂ ಅಣ್ಣನೂ ಓದಿದಂತೆ ಮಾಡುವ ಜಾಗ. ಸಂಜೆ ದೇವರಿಗೆ ದೀಪ ಇಟ್ಟ ಮೇಲೆ ಟಿ.ವಿ. ಕೋಣೆ. ಕಿಟಕಿಯ ಬೆಳಕು ಬೀಳುವಲ್ಲಿ ಅಮ್ಮನ ಮಿಷನ್, ಎದುರಿನ ಗೋಡೆಯಲ್ಲಿ ಟಿ.ವಿ., ಎರಡರ ನಡುವೆ ಅಜ್ಜಿಯ ಕುರ್ಚಿ. ಮಿಷನ್ನಿನ ಅಡಿಯಲ್ಲಿ ಬ್ಲೌಸು ಕತ್ತರಿಸಿ ಉಳಿದ ತುಂಡುಗಳ ರಾಶಿ ಯಾವತ್ತೂ ಇರುತ್ತಿತ್ತು. ಅಮ್ಮ ತುಳಿಯಲು ಶುರು ಮಾಡಿದರೆ ಟಿ.ವಿ.ಯ ಮಾತು ಕೇಳುತ್ತಿರಲಿಲ್ಲ. ಅಜ್ಜಿ ರಿಮೋಟ್ ಎತ್ತಿ ಶಬ್ದ ಹೆಚ್ಚಿಸುತ್ತಿದ್ದರು. ಅಮ್ಮ ಇನ್ನೂ ಜೋರಾಗಿ ತುಳಿಯುತ್ತಿದ್ದಳು. ತಾಯಿ ಮಗಳ ಜಗಳ ಹೆಚ್ಚಾಗಿ ಹೀಗೆ, ಯಾರೂ ಬಾಯಿ ತೆರೆಯದೆ ನಡೆದು, ಗಂಜಿ ಬಡಿಸುವ ಹೊತ್ತಿಗೆ ತಾನಾಗಿಯೇ ಮುಗಿಯುತ್ತಿತ್ತು.

ಅಜ್ಜಿ ಎಂದರೆ ಅಮ್ಮನ ಅಮ್ಮ. ಮನೆ ಅವರದ್ದು. ನಮ್ಮಲ್ಲಿ ಮನೆ ಹೆಣ್ಣುಮಕ್ಕಳ ಕಡೆಗೆ ಹೋಗುವುದು. ಹಾಗಾಗಿ ಅಪ್ಪನೇ ಈ ಮನೆಗೆ ಬಂದವರು, ಬಂದ ಮೇಲೂ ಹೆಚ್ಚು ದಿನ ನಿಲ್ಲದೆ ದುಬೈಗೆ ಹೋದವರು. ಅಲ್ಲಿ ಎ.ಸಿ. ದುರಸ್ತಿಯ ಕೆಲಸ. ಎರಡು ವರ್ಷಕ್ಕೊಮ್ಮೆ ಊರಿಗೆ ಬಂದು, ನಾವು ಅವರಿಗೆ ಅಭ್ಯಾಸವಾಗುವ ಮೊದಲೇ ಹಿಂದೆ ಹೋಗುತ್ತಿದ್ದರು. ಉಳಿದಂತೆ ಅಪ್ಪ ಎಂದರೆ ಶುಕ್ರವಾರ ಮಧ್ಯಾಹ್ನದ ವಿಡಿಯೋ ಕಾಲ್. ಅಮ್ಮನ ಫೋನನ್ನು ದಾರದ ಡಬ್ಬಕ್ಕೆ ಒರಗಿಸಿ ಇಟ್ಟು, ಶಾಲೆಯಿಂದ ಊಟಕ್ಕೆ ಬಂದ ನಾವೂ ಸೇರಿ ಎಲ್ಲರೂ ಅದರ ಎದುರು ಕೂರುತ್ತಿದ್ದೆವು. ಅಡುಗೆಮನೆ ಮಾತ್ರ ಪೂರ್ತಿ ಅಜ್ಜಿಯ ಕೈಯಲ್ಲಿತ್ತು. ಮೀನಿನ ಸಾರಿಗೆ ಬೇರೆಯವರು ಸೌಟು ಹಾಕುವಂತಿರಲಿಲ್ಲ. ಕಪಾಟಿನ ಬೀಗದ ಕೈ ಅವರ ಸೊಂಟದಲ್ಲಿ. ತಿಂಗಳಿಗೊಮ್ಮೆ ಚೀಲ ಹಿಡಿದು ಒಬ್ಬರೇ ಬಸ್ಸು ಹತ್ತಿ ಕಾರ್ಕಳದ ತಂಗಿಯ ಮನೆಗೆ ಹೋಗಿ, ಎರಡು ದಿನ ಇದ್ದು, ಅಲ್ಲಿಯ ಸುದ್ದಿಯನ್ನೆಲ್ಲ ಹೊತ್ತು ತರುತ್ತಿದ್ದರು. ಮನೆಯ ಮಾತು ತುಳು. ಕನ್ನಡದಲ್ಲಿ ಬರೆಯುವಾಗ ಅಜ್ಜಿಯ ಮಾತಿನ ಅರ್ಧ ಖಾರ ಇಳಿದುಹೋಗುತ್ತದೆ, ಅದಕ್ಕೆ ನಾನೇನೂ ಮಾಡಲಾರೆ.

ಟಿ.ವಿ.ಯಲ್ಲಿ ಕಬಡ್ಡಿ ಲೀಗ್ ಬಂದ ಮೇಲೆ ಅಜ್ಜಿಗೆ ಇನ್ನೊಂದು ರಾಜ್ಯ ಸಿಕ್ಕಿತು. ಅವರ ಅಣ್ಣಂದಿರಿಬ್ಬರು ಕೊಯ್ಲು ಮುಗಿದ ಗದ್ದೆಯಲ್ಲಿ ಕಬಡ್ಡಿ ಆಡಿ ಹೆಸರು ಮಾಡಿದವರಂತೆ. ಹುಡುಗಿಯಾಗಿದ್ದಾಗ ಗದ್ದೆಯ ಅಂಚಿನಲ್ಲಿ ನಿಂತು ನೋಡಿದ್ದನ್ನು ಅವರು ಮರೆತಿರಲಿಲ್ಲ. ನಮಗೆ ತೊಡೆ ತಟ್ಟಿ ನುಗ್ಗುವ ರೈಡರ್ ಕಂಡರೆ ಅವರಿಗೆ ಮೂಲೆಯಲ್ಲಿ ಬಗ್ಗಿ ನಿಂತವನ ಪಾದ ಕಾಣುತ್ತಿತ್ತು. ಈಗ ಹಿಡಿಯುತ್ತಾನೆ ನೋಡು ಎನ್ನುತ್ತಿದ್ದರು, ಅವನು ಹಿಡಿಯುತ್ತಿದ್ದ. ತಂಡಗಳ ಊರು, ಹೆಸರು ಅವರ ನಾಲಿಗೆಗೆ ಹತ್ತಲಿಲ್ಲ. ಬಣ್ಣದಿಂದಲೇ ಕರೆಯುತ್ತಿದ್ದರು, ಹಳದಿಯವರು, ನೀಲಿಯವರು, ಕೇಸರಿಯವರು ಎಂದು. ಸ್ವಲ್ಪ ದಿನದಲ್ಲಿ ಮನೆಯಲ್ಲಿ ಎಲ್ಲರಿಗೂ ಅದೇ ರೂಢಿಯಾಯಿತು. ಶಾಲೆಯಲ್ಲಿ ನಾನು ಹಾಗೆ ಹೇಳಲು ಹೋಗಿ ನಗೆಪಾಟಲಾದದ್ದೂ ಉಂಟು.

ಲೀಗ್ ಶುರುವಾಗುವ ಹಿಂದಿನ ವಾರ ಊರಿನಲ್ಲಿ ಜೋಯಿಸರಿಗೆ ಬರವಿರಲಿಲ್ಲ. ಬಸ್ಸಿನ ಕಂಡಕ್ಟರ್ ಟಿಕೆಟ್ ಹರಿಯುತ್ತಲೇ ಈ ಸಲ ಕಪ್ ಯಾರದೆಂದು ಹೇಳುತ್ತಿದ್ದ. ಮಳೆಗಾಲದ ಆಟಿ ತಿಂಗಳು, ಬೋಟುಗಳು ಕಡಲಿಗೆ ಇಳಿಯದ ದಿನಗಳು, ಒಣಮೀನು ಮಾರಲು ಬಂದ ಹೆಂಗಸೂ ಅಂಗಳದಲ್ಲಿ ಬುಟ್ಟಿ ಇಳಿಸಿ ತನ್ನ ಅಭಿಪ್ರಾಯ ಒಪ್ಪಿಸಿ ಹೋಗುತ್ತಿದ್ದಳು. ಬ್ಲೌಸಿನ ಅಳತೆ ಕೊಡಲು ಬಂದವರು ಕೈ ಎತ್ತಿ ನಿಂತುಕೊಂಡೇ ವಾದ ಮಾಡುತ್ತಿದ್ದರು. ನಮ್ಮ ಮನೆಯಲ್ಲಿ ಅಣ್ಣನದು ಪೇಪರಿನ ವಿದ್ಯೆ. ಹೋದ ವರ್ಷ ಯಾರು ಎಷ್ಟು ಪಾಯಿಂಟ್ ತೆಗೆದರು, ಹರಾಜಿನಲ್ಲಿ ಯಾರು ಯಾವ ತಂಡಕ್ಕೆ ಹೋದರು ಎಲ್ಲ ನೋಟ್‌ಬುಕ್ಕಿನಲ್ಲಿ ಬರೆದಿಟ್ಟು ಪ್ರತಿ ವರ್ಷ ತಪ್ಪು ಹೇಳುತ್ತಿದ್ದ. ಅಮ್ಮ ಜೆರ್ಸಿಯ ಕಾಲರಿನ ಹೊಲಿಗೆ ನೋಡುತ್ತಿದ್ದಳು. ಹೊಲಿಗೆಗೆ ಒಳ್ಳೆಯವನನ್ನು ಹಿಡಿದವರು ಆಟಗಾರರನ್ನೂ ಸರಿಯಾಗಿ ಹಿಡಿದಿರುತ್ತಾರೆ ಎಂಬುದು ಅವಳ ಲೆಕ್ಕ, ಆ ಲೆಕ್ಕದಿಂದ ಒಂದು ಸಲ ಗೆದ್ದೂ ಇದ್ದಳು. ಅಪ್ಪ ತನ್ನ ರೂಮಿನಲ್ಲಿದ್ದ ಉತ್ತರದ ಕಡೆಯವರ ಮಾತು ಕೇಳುತ್ತಿದ್ದರು. ನಾನು ರೈಡರನ ಕೂದಲು ನೋಡುತ್ತಿದ್ದೆ. ಇದನ್ನು ಆಗ ಯಾರಿಗೂ ಹೇಳಿರಲಿಲ್ಲ.

ಈ ಭವಿಷ್ಯವನ್ನು ಬಾಯಿಮಾತಿನಲ್ಲಿ ಬಿಟ್ಟರೆ ಆಮೇಲೆ ಎಲ್ಲರೂ ತಾನು ಮೊದಲೇ ಹೇಳಿದ್ದೆ ಎನ್ನುತ್ತಾರೆಂದು ಅಜ್ಜಿಯೇ ಒಂದು ಕ್ರಮ ಮಾಡಿದರು. ಅವರಿಗೆ ಬರೆಯಲು ಬರುತ್ತಿರಲಿಲ್ಲ. ಹಾಗಾಗಿ ಚೀಟಿ ಬೇಡ, ಬಟ್ಟೆ ತುಂಡು ಸಾಕು ಎಂದಾಯಿತು. ಲೀಗ್ ಶುರುವಾಗುವ ದಿನ ಮಧ್ಯಾಹ್ನ ಕೋರಿ ರೊಟ್ಟಿ ಉಂಡು ಕೈ ತೊಳೆದ ಮೇಲೆ ಒಬ್ಬೊಬ್ಬರೇ ಮಿಷನ್ನಿನ ಅಡಿಯ ರಾಶಿಯಿಂದ ತಮ್ಮ ತಂಡದ ಬಣ್ಣದ ತುಂಡು ಹೆಕ್ಕಿ, ಉಳಿದವರಿಗೆ ಬೆನ್ನು ಹಾಕಿ, ಪೇಪರಿನಲ್ಲಿ ಮಡಚಿ, ಅಪ್ಪ ತಂದಿದ್ದ ಖಾಲಿ ಬಿಸ್ಕತ್ತಿನ ಡಬ್ಬಕ್ಕೆ ಹಾಕಬೇಕು. ಪೊಟ್ಟಣ ಯಾರದೆಂದು ಗೊತ್ತಾಗಲು ಒಬ್ಬೊಬ್ಬರದು ಒಂದೊಂದು ಬಗೆಯ ಕಟ್ಟು. ಅಣ್ಣನದಕ್ಕೆ ಸ್ಟೇಪಲ್ ಪಿನ್. ಅಮ್ಮ ಸೂಜಿಯಲ್ಲಿ ಎರಡು ಹೊಲಿಗೆ ಹಾಕುತ್ತಿದ್ದಳು. ಅಪ್ಪನದನ್ನೂ ಅವಳೇ ಕಟ್ಟಿ ಕೆಂಪು ದಾರ ಸುತ್ತುತ್ತಿದ್ದಳು. ನನ್ನದಕ್ಕೆ ಗಮ್ ಟೇಪ್. ಅಜ್ಜಿ ಬಳೆಯಲ್ಲಿ ಸಿಕ್ಕಿಸಿಕೊಂಡಿದ್ದ ಸೇಫ್ಟಿ ಪಿನ್ನೊಂದನ್ನು ಬಿಚ್ಚಿ ಚುಚ್ಚುತ್ತಿದ್ದರು. ಡಬ್ಬ ಕಪಾಟಿನ ಮೇಲೆ ಏರಿದರೆ ಫೈನಲ್ ಮುಗಿದ ಮೇಲಿನ ಶುಕ್ರವಾರ ಅಪ್ಪನ ಎದುರೇ ಇಳಿಯಬೇಕು. ಅಲ್ಲಿಯವರೆಗೆ ಯಾರೂ ಅದನ್ನು ಮುಟ್ಟುವಂತಿಲ್ಲ, ಯಾರ ಬಣ್ಣ ಯಾವುದೆಂದು ಹೇಳುವಂತಿಲ್ಲ. ಅದಕ್ಕೆ ಬೀಗ ಇರಲಿಲ್ಲ. ನಮ್ಮ ಮನೆಯಲ್ಲಿ ಅಂಥದ್ದಕ್ಕೆ ಬೀಗ ಬೇಕಾಗುತ್ತದೆಂದು ಯಾರೂ ಯೋಚಿಸಿರಲಿಲ್ಲ.

ಸರಿ ಹೇಳಿದವರು ಒಂದು ವರ್ಷ ಮನೆಗೆ ಕ್ಯಾಪ್ಟನ್. ಬಹುಮಾನ ಇಷ್ಟೇ: ಅಪ್ಪ ಶುಕ್ರವಾರ ಫೋನ್ ಮಾಡಿದಾಗ ಮೊದಲು ಕ್ಯಾಪ್ಟನ್ ಜೊತೆ ಮಾತಾಡಬೇಕು. ಉಳಿದವರು ಕಾಯಬೇಕು. ಇದು ಅಪ್ಪನೇ ತಮಾಷೆಗೆ ಮಾಡಿದ ನಿಯಮ. ನನಗೆ ಮಾತ್ರ ಅದು ತಮಾಷೆಯಾಗಿರಲಿಲ್ಲ. ನಾನು ಮನೆಗೆ ಕಿರಿಯವಳು. ಅಮ್ಮ, ಅಜ್ಜಿ, ಅಣ್ಣ ಎಲ್ಲರೂ ಮಾತಾಡಿ ಮುಗಿಸುವಾಗ ಅಪ್ಪನ ಊಟದ ಹೊತ್ತಾಗುತ್ತಿತ್ತು. ನನ್ನ ಪಾಲಿಗೆ ಬರುತ್ತಿದ್ದದ್ದು ಓದ್ತಾ ಇದ್ದೀಯಾ, ಅಮ್ಮನಿಗೆ ತೊಂದರೆ ಕೊಡಬೇಡ ಎಂಬ ಎರಡು ಮಾತು. ಆ ಎರಡು ಮಾತಿಗೆ ನಾನು ವಾರವಿಡೀ ಉತ್ತರ ಕಟ್ಟಿಕೊಂಡಿರುತ್ತಿದ್ದೆ, ಹೇಳಲು ಬಾಯಿ ತೆರೆಯುವಾಗ ಅಪ್ಪ ಕೈ ಬೀಸುತ್ತಿದ್ದರು.

ನಾನು ಎಂಟನೆಯ ಕ್ಲಾಸಿನಲ್ಲಿದ್ದ ವರ್ಷ ಅಜ್ಜಿಗೆ ಮೊಣಕಾಲು ನೋವು. ಬಗ್ಗಿ ರಾಶಿಯಿಂದ ತುಂಡು ಹೆಕ್ಕಲು ಆಗುತ್ತಿರಲಿಲ್ಲ. ನನ್ನನ್ನು ಹತ್ತಿರ ಕರೆದು, ತಲೆ ಬಗ್ಗಿಸಿ, ಕಿವಿಯಲ್ಲಿ ಹೇಳಿದರು.

"ನೇರಳೆ ಕೊಡು ಮಗಾ. ಯಾರಿಗೂ ಹೇಳಬೇಡ ಆಯ್ತಾ? ಅವರ ಎರಡೂ ಮೂಲೆ ಗಟ್ಟಿ ಉಂಟು."

ನೇರಳೆಯವರು ಹೋದ ವರ್ಷ ಕೊನೆಯ ಸ್ಥಾನದಲ್ಲಿದ್ದವರು. ಅಜ್ಜಿಗೆ ವಯಸ್ಸಾಯಿತು ಎಂದುಕೊಂಡೆ. ರೇಷ್ಮೆ ಬ್ಲೌಸೊಂದರ ನೇರಳೆ ತುಂಡು ಸಿಕ್ಕಿತು, ಕೊಟ್ಟೆ. ಅವರು ಅದನ್ನು ಬೆರಳಿನಲ್ಲಿ ತಿಕ್ಕಿ ನೋಡಿ, ಮಡಚಿ, ಪಿನ್ ಚುಚ್ಚಿದರು. ನಾನು ಹಳದಿ ಇಟ್ಟೆ. ಹಳದಿಯವರ ರೈಡರನ ಕೂದಲು ಆ ವರ್ಷ ತುಂಬ ಚೆನ್ನಾಗಿತ್ತು.

ಕೂದಲು ಎಷ್ಟು ದೂರ ಹೋಗುತ್ತದೆ? ನವರಾತ್ರಿ ಬರುವ ಮೊದಲೇ ಹಳದಿಯವರ ಆಟ ಮುಗಿಯಿತು. ನೇರಳೆಯವರು ಸೆಮಿಫೈನಲಿಗೆ ಬಂದರು. ಅಜ್ಜಿ ಕುರ್ಚಿಯಲ್ಲಿ ಏನೂ ಗೊತ್ತಿಲ್ಲದವರ ಹಾಗೆ ಕೂತಿರುತ್ತಿದ್ದರು, ಯಾರೂ ನೋಡದಾಗ ನನ್ನ ಕಡೆ ತಿರುಗಿ ಹುಬ್ಬು ಹಾರಿಸುತ್ತಿದ್ದರು. ನಮ್ಮಿಬ್ಬರ ಗುಟ್ಟು ಅವರಿಗೆ ಅಷ್ಟು ಖುಷಿ ಕೊಟ್ಟಿತ್ತು. ನನಗೆ ಆ ಹುಬ್ಬು ಕಂಡರೆ ಹೊಟ್ಟೆಯಲ್ಲಿ ಕಿಚ್ಚು. ಇನ್ನೊಂದು ವರ್ಷ ಸಾಲಿನ ಕೊನೆಯಲ್ಲಿ ಕೂರಬೇಕು. ಅಜ್ಜಿಗೆ ಯಾಕೆ ಬೇಕು ಕ್ಯಾಪ್ಟನ್ ಪಟ್ಟ, ಅವರಿಗೆ ಅಪ್ಪನೊಡನೆ ಮಾತಾಡಲು ಇರುವುದಾದರೂ ಏನು, ಮೀನಿನ ರೇಟು ತಾನೆ ಎಂದೆಲ್ಲ ನನಗೆ ನಾನೇ ವಾದ ಮಾಡಿಕೊಂಡೆ. ಮಕ್ಕಳಿಗೆ ತಪ್ಪು ಸರಿ ತಿಳಿಯುವುದಿಲ್ಲ ಎನ್ನುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ನನಗೆ ಎಲ್ಲ ತಿಳಿದಿತ್ತು.

ಒಂದು ಮಧ್ಯಾಹ್ನ ಅಮ್ಮ ಹುಕ್ಕು ತರಲು ಪೇಟೆಗೆ ಹೋಗಿದ್ದಳು. ಅಜ್ಜಿ ಹಿತ್ತಿಲಲ್ಲಿ ಬಸಳೆ ಕೊಯ್ಯುತ್ತಿದ್ದರು. ಮಿಷನ್ನಿನ ಸ್ಟೂಲು ಎಳೆದು ಹತ್ತಿ ಡಬ್ಬ ಇಳಿಸಿದೆ. ಅಜ್ಜಿಯ ಪೊಟ್ಟಣದ ಪಿನ್ ಬಿಚ್ಚಿ ನೇರಳೆ ತೆಗೆದು ಅಲ್ಲಿ ನನ್ನ ಹಳದಿಯನ್ನು ಇಟ್ಟು, ಅದೇ ತೂತಿನಲ್ಲಿ ಪಿನ್ ಚುಚ್ಚಿದೆ. ನೇರಳೆಯನ್ನು ನನ್ನ ಪೇಪರಿನಲ್ಲಿ ಸುತ್ತಿ ಹೊಸ ಟೇಪ್ ಅಂಟಿಸಿದೆ. ಡಬ್ಬ ಮೇಲಿಟ್ಟು, ಹಿತ್ತಿಲಿಗೆ ಹೋಗಿ, ಅಜ್ಜಿ ಕೊಯ್ದ ಬಸಳೆಯನ್ನು ಹಿಡಿ ಹಿಡಿಯಾಗಿ ಸೂಡಿ ಕಟ್ಟಿಕೊಟ್ಟೆ. ಎಷ್ಟು ಒಳ್ಳೆಯ ಹುಡುಗಿ ಎಂದು ಅವರು ಮೆಚ್ಚಿಕೊಂಡರು. ಈ ಮೆಚ್ಚುಗೆಯನ್ನು ನೆನೆದಾಗ ಈಗಲೂ ಮುಖ ಎಲ್ಲಿಡಲಿ ಎನಿಸುತ್ತದೆ.

ನೇರಳೆಯವರೇ ಗೆದ್ದರು. ಶುಕ್ರವಾರ ಬೆಳಿಗ್ಗೆ ಅಜ್ಜಿ ತಲೆಗೆ ಸ್ನಾನ ಮಾಡಿ, ಪೆಟ್ಟಿಗೆಯಿಂದ ಒಳ್ಳೆಯ ಸೀರೆ ತೆಗೆದು ಉಟ್ಟರು. ಯಾಕೆಂದು ಯಾರಿಗೂ ಹೇಳದೆ ಹೆಸರುಬೇಳೆಯ ಪಾಯಸ ಮಾಡಿದರು. ಅಮ್ಮ ಕೇಳಿದ್ದಕ್ಕೆ, ಮಧ್ಯಾಹ್ನ ಗೊತ್ತಾಗ್ತದೆ ಎಂದರಂತೆ. ಅಪ್ಪನ ಫೋನ್ ಬಂತು, ಡಬ್ಬ ಇಳಿಯಿತು. ಅಣ್ಣನದು ನೀಲಿ. ಅಮ್ಮನದು ಹಸಿರು. ಅಪ್ಪನದು ಕೇಸರಿ. ನನ್ನದನ್ನು ಬಿಚ್ಚಿದಾಗ ನೇರಳೆ ಬಂದು ಅಪ್ಪ ಆ ಕಡೆ ಚಪ್ಪಾಳೆ ತಟ್ಟಿದರು. ಅಜ್ಜಿಯ ಮುಖದಲ್ಲಿ ಆಗಲೂ ನಗು ಇತ್ತು. ಇಬ್ಬರು ಕ್ಯಾಪ್ಟನ್ ಎಂದುಕೊಂಡಿರಬೇಕು. ಅವರೇ ಬೆರಳು ಹಾಕಿ ತಮ್ಮ ಪಿನ್ ಬಿಚ್ಚಿದರು. ಹಳದಿ ತುಂಡು ಮಡಿಲಿಗೆ ಬಿತ್ತು.

"ಇದು ನನ್ನದಲ್ಲ," ಎಂದರು ಅಜ್ಜಿ. "ನಾನು ನೇರಳೆ ಇಟ್ಟದ್ದು."

ಅಮ್ಮ ಪಿನ್ ತೋರಿಸಿದಳು. ಆ ಪಿನ್ ಬೇರೆ ಯಾರದೂ ಅಲ್ಲ. ಅಣ್ಣ ನಕ್ಕ. ಮುಂದಿನ ವರ್ಷ ನೋಡುವ ಅತ್ತೆ ಎಂದು ಅಪ್ಪ ಸಮಾಧಾನ ಮಾಡಿದರು. ಅಜ್ಜಿ ಹಳದಿ ತುಂಡನ್ನು ತಿರುಗಿಸಿ ತಿರುಗಿಸಿ ನೋಡಿದರು. ಆಮೇಲೆ ನನ್ನ ಕಡೆ ತಿರುಗಿದರು.

"ನೀನು ಹೇಳು ಮಗಾ. ನಾನು ನಿನ್ನ ಹತ್ತಿರ ಎಂತ ಕೇಳಿದ್ದು?"

ಇಡೀ ಮನೆಯಲ್ಲಿ ಅವರಿಗೆ ನಾನೊಬ್ಬಳೇ ಸಾಕ್ಷಿ. ಎಲ್ಲರೂ ನನ್ನನ್ನು ನೋಡಿದರು, ಫೋನಿನೊಳಗಿಂದ ಅಪ್ಪನೂ.

"ಹಳದಿ ಅಂತ ಹೇಳಿದ್ದು ಅಜ್ಜಿ. ನೀವು ಮರೆತಿದ್ದೀರಿ."

ತುಂಡು ಬದಲಿಸಿದ್ದು ಕಳ್ಳತನ ಇರಬಹುದು. ಈ ಮಾತು ಅದಕ್ಕಿಂತ ಹೊಲಸು. ಹಳದಿ ಎಂದಷ್ಟೇ ಹೇಳಿ ನಿಲ್ಲಿಸಬಹುದಿತ್ತು, ಮರೆತಿದ್ದೀರಿ ಎಂದು ಸೇರಿಸಿದ್ದು ನಾನೇ. ಅಜ್ಜಿ ಹೌದಾ ಎಂದರು. ಹೌದೇನೋ ಎಂದರು. ಪಾಯಸ ಬಡಿಸಲು ಎದ್ದು ಹೋದರು. ನಾನು ಎರಡು ಲೋಟ ಕುಡಿದೆ.

ಅಲ್ಲಿಂದ ಶುರುವಾಯಿತು. ಮರೆವು ಎಂಬ ಶಬ್ದ ಒಂದು ಸಲ ಮನೆಯೊಳಗೆ ಬಂದರೆ ಅದಕ್ಕೆ ಕೂರಲು ಜಾಗ ಎಲ್ಲ ಕಡೆ ಸಿಗುತ್ತದೆ. ಹಿಂದೊಮ್ಮೆ ಹಾಲು ಉಕ್ಕಿದ್ದು, ಅಣ್ಣನನ್ನು ತೀರಿಹೋದ ತನ್ನ ಅಣ್ಣನ ಹೆಸರಿನಿಂದ ಕರೆದದ್ದು, ಕನ್ನಡಕ ತಲೆಯ ಮೇಲಿಟ್ಟುಕೊಂಡು ಹುಡುಕಿದ್ದು ಎಲ್ಲ ಅಮ್ಮನಿಗೆ ಒಂದೊಂದಾಗಿ ನೆನಪಾಯಿತು. ಇದೆಲ್ಲ ನಮಗೂ ಆಗುತ್ತಿತ್ತು, ಆದರೆ ನಮ್ಮದನ್ನು ಯಾರೂ ಗಮನದಲ್ಲಿ ಇಟ್ಟುಕೊಳ್ಳುತ್ತಿರಲಿಲ್ಲ. ಅಪ್ಪ ದೂರದಲ್ಲಿದ್ದವರು, ದೂರದಲ್ಲಿದ್ದವರಿಗೆ ಭಯ ಜಾಸ್ತಿ. ಮರುವಾರದಿಂದ ಅವರ ಫೋನ್ ಹೀಗೆ ಶುರುವಾಗತೊಡಗಿತು:

"ಕ್ಯಾಪ್ಟನ್, ಅಜ್ಜಿ ಹೇಗಿದ್ದಾರೆ? ಈ ವಾರ ಎಂತಾದರೂ ಮರೆತರಾ?"

ಅಮ್ಮನಿಗೆ ತಾಯಿಯ ಮೇಲೆ ಪ್ರೀತಿ, ಅವಳು ಮುಚ್ಚಿಡುತ್ತಾಳೆ, ನೀನು ಸರಿಯಾಗಿ ನೋಡಿ ಹೇಳು ಎಂದರು. ನಾನು ಫೋನ್ ಎತ್ತಿಕೊಂಡು ಅಂಗಳಕ್ಕೆ ಹೋಗಿ, ತೆಂಗಿನ ಕಟ್ಟೆಯ ಮೇಲೆ ಕೂತು ವರದಿ ಒಪ್ಪಿಸುತ್ತಿದ್ದೆ. ಹೇಳಲು ಏನೂ ಇಲ್ಲದ ವಾರ ಅಪ್ಪ ಒಳ್ಳೆಯದಾಯಿತು ಎಂದು ಫೋನನ್ನು ಅಮ್ಮನಿಗೆ ಕೊಡಲು ಹೇಳುತ್ತಿದ್ದರು. ಹೇಳಲು ಏನಾದರೂ ಇದ್ದರೆ ಮಾತು ಉದ್ದವಾಗುತ್ತಿತ್ತು. ಅಜ್ಜಿ ಏನು ಮಾಡಿದರು, ನೀನು ಏನು ಹೇಳಿದೆ, ನಿನಗೆ ಹೆದರಿಕೆ ಆಯಿತಾ, ಜಾಣೆ ನೀನು ಎಂದೆಲ್ಲ. ಜೀವಮಾನದಲ್ಲಿ ಅಪ್ಪ ನನ್ನ ಮಾತನ್ನು ಅಷ್ಟು ಗಮನ ಕೊಟ್ಟು ಕೇಳಿದ್ದು ಆಗಲೇ. ಹಾಗಾಗಿ ನಾನು ಹುಡುಕತೊಡಗಿದೆ. ಅಜ್ಜಿ ಉಂಡೆಯಾ ಎಂದು ಎರಡು ಸಲ ಕೇಳಿದ್ದು ನನ್ನ ಬಾಯಲ್ಲಿ ನಾಲ್ಕು ಸಲವಾಯಿತು. ಹೊಸ ಕಂಡಕ್ಟರ್ ತಪ್ಪು ಸ್ಟಾಪಿನಲ್ಲಿ ಇಳಿಸಿದ್ದು, ಅಜ್ಜಿಗೆ ಇಳಿಯುವ ಜಾಗ ಗೊತ್ತಾಗಲಿಲ್ಲ ಎಂದಾಯಿತು. ಆ ಒಂದು ವರದಿಗೆ ಕಾರ್ಕಳದ ಬಸ್ಸು ನಿಂತಿತು. ಅಣ್ಣನಿಗೆ ಪುರುಸೊತ್ತಾದಾಗ ಕರೆದುಕೊಂಡು ಹೋಗುವುದು ಎಂದು ಅಪ್ಪ ಹೇಳಿದರು, ಅಣ್ಣನಿಗೆ ವರ್ಷಕ್ಕೆ ಒಂದೋ ಎರಡೋ ಸಲ ಪುರುಸೊತ್ತಾಗುತ್ತಿತ್ತು. ಬೀಗದ ಕೈ ಅಮ್ಮನ ಸೊಂಟಕ್ಕೆ ಬಂತು. ಗ್ಯಾಸ್ ಹಚ್ಚುವುದು ಬೇಡ ಎಂದಾಯಿತು. ಮೀನಿನ ಸಾರು ಅಮ್ಮ ಮಾಡತೊಡಗಿದಳು. ಅದು ಚೆನ್ನಾಗಿರಲಿಲ್ಲ, ಯಾರೂ ಹಾಗೆ ಹೇಳಲಿಲ್ಲ.

ಅಜ್ಜಿಯನ್ನು ಮಣಿಪಾಲದ ಆಸ್ಪತ್ರೆಗೆ ಕರೆದುಕೊಂಡು ಹೋದಾಗ ನಾನೂ ಜೊತೆಗೆ ಹೋಗಿದ್ದೆ, ಏನೇನು ಮರೆಯುತ್ತಾರೆಂದು ಡಾಕ್ಟರಿಗೆ ಹೇಳಬೇಕಾದವಳು ನಾನೇ ತಾನೆ. ಡಾಕ್ಟರ್ ಚಿಕ್ಕ ಪ್ರಾಯದವರು, ತಾಳ್ಮೆಯಿಂದ ಕೇಳಿದರು. ಇವತ್ತು ಯಾವ ವಾರ ಎಂದದ್ದಕ್ಕೆ ಅಜ್ಜಿ ವಾರದ ಜೊತೆಗೆ ತಿಥಿಯನ್ನೂ ಹೇಳಿದರು. ಮೂರು ವಸ್ತುಗಳ ಹೆಸರು ಹೇಳಿ, ಬೇರೆ ಮಾತಾಡಿಸಿ, ಆಮೇಲೆ ಕೇಳಿದಾಗ ಮೂರನ್ನೂ ಹೇಳಿದ್ದಲ್ಲದೆ, ಒಂದನೆಯದು ಮತ್ತು ಎರಡನೆಯದನ್ನು ಡಾಕ್ಟರೇ ಅದಲು ಬದಲು ಮಾಡಿದ್ದನ್ನು ತಿದ್ದಿದರು. ಈ ಪ್ರಾಯಕ್ಕೆ ಇದಕ್ಕಿಂತ ಚೆನ್ನಾಗಿರಲು ಸಾಧ್ಯವಿಲ್ಲ, ಏನೂ ತೊಂದರೆ ಇಲ್ಲ ಎಂದು ಡಾಕ್ಟರ್ ನಕ್ಕು, ಶಕ್ತಿಗೆಂದು ಒಂದು ಮಾತ್ರೆ ಬರೆದುಕೊಟ್ಟರು. ನನ್ನ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ನನ್ನ ಸುಳ್ಳಿಗೆ ಇನ್ನು ಬೆಲೆ ಇಲ್ಲ, ಎಲ್ಲ ಮೊದಲಿನಂತಾಗುತ್ತದೆ, ನಾನು ಬಾಯಿ ಬಿಡುವ ಅಗತ್ಯವೇ ಇಲ್ಲ ಎಂದುಕೊಂಡೆ. ಅಮ್ಮನಿಗೂ ಖುಷಿಯಾಗಿತ್ತು. ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತ ಅಜ್ಜಿ ಮಾತ್ರ ಹೊರಗೆ ನೋಡುತ್ತ ಹೇಳಿದರು:

"ಡಾಕ್ಟರಿಗೆ ಸಿಗಲಿಲ್ಲ ಅಷ್ಟೆ. ಆ ನೇರಳೆ ತುಂಡು ಕೈಯಲ್ಲಿ ಹಿಡಿದದ್ದು ನನಗೆ ಈಗಲೂ ಕಾಣ್ತದೆ. ನುಣ್ಣಗೆ ಇತ್ತು. ಇಲ್ಲದ್ದು ಅಷ್ಟು ಸರಿಯಾಗಿ ಕಾಣ್ತದಲ್ಲ, ಅದೇ ಕಾಯಿಲೆ."

ಅಮ್ಮನ ಮುಖ ಮತ್ತೆ ಬಾಡಿತು. ಆ ಶಕ್ತಿಯ ಮಾತ್ರೆಗೆ ಮನೆಯಲ್ಲಿ ಮರೆವಿನ ಮಾತ್ರೆ ಎಂದೇ ಹೆಸರಾಯಿತು. ನಾನು ಬಸ್ಸಿನ ಕಂಬಿ ಹಿಡಿದು ನಿಂತಿದ್ದೆ. ಆಗ ಹೇಳಬಹುದಿತ್ತು. ಸ್ಟಾಪು ಬರುವ ಮೊದಲು ಹೇಳಬಹುದಿತ್ತು, ಇಳಿದು ಮನೆಗೆ ನಡೆಯುವಾಗ ಹೇಳಬಹುದಿತ್ತು. ಮರುದಿನ ಶುಕ್ರವಾರ, ಅಪ್ಪ ಮೊದಲು ನನ್ನ ಹತ್ತಿರವೇ ಕೇಳುತ್ತಿದ್ದರು.

ಮುಂದಿನ ವರ್ಷ ಲೀಗ್ ಶುರುವಾಗುವ ದಿನ ಅಜ್ಜಿ ತುಂಡು ಇಡಲು ಒಪ್ಪಲಿಲ್ಲ. ನಾನು ಒತ್ತಾಯ ಮಾಡಿದೆ. ಬೇಕಾದರೆ ನೀನೇ ನನ್ನ ಲೆಕ್ಕದಲ್ಲಿ ಯಾವುದಾದರೂ ಇಡು, ನಿನಗೆ ಸರಿಯಾಗಿ ನೆನಪಿರುತ್ತದೆ ಎಂದರು. ಆಟ ನೋಡುವಾಗ ಮೊದಲಿನಂತೆ ಇವನು ಈಗ ಹಿಡಿಯುತ್ತಾನೆ ಎನ್ನುತ್ತಿರಲಿಲ್ಲ. ಹೇಳಲು ಬಾಯಿ ತೆರೆದು, ನಮ್ಮ ಮುಖ ನೋಡಿ, ಸುಮ್ಮನಾಗುತ್ತಿದ್ದರು. ಮೂಲೆಯವನು ಹಿಡಿದ ಮೇಲೆ ತನ್ನೊಳಗೇ ತಲೆಯಾಡಿಸುತ್ತಿದ್ದರು. ಅಜ್ಜಿ ಇಲ್ಲದೆ ಡಬ್ಬಕ್ಕೆ ರುಚಿ ಇರಲಿಲ್ಲ, ಆ ವರ್ಷ ಯಾರ ಬಣ್ಣವೂ ಗೆಲ್ಲಲಿಲ್ಲ. ಅದರ ಮರುವರ್ಷ ಯಾರೂ ಅದನ್ನು ಇಳಿಸಲಿಲ್ಲ. ಕ್ಯಾಪ್ಟನ್ ಪಟ್ಟ ಹಾಗೆ ನನ್ನಲ್ಲೇ ಉಳಿಯಿತು, ಅಪ್ಪ ಮುಂದೆಯೂ ನನ್ನನ್ನು ಹಾಗೆಯೇ ಕರೆಯುತ್ತಿದ್ದರು.

ನಾನು ಉಡುಪಿಯಲ್ಲಿ ಡಿಗ್ರಿಗೆ ಸೇರಿದ ವರ್ಷ ಒಂದು ಬೆಳಿಗ್ಗೆ ಟಿ.ವಿ.ಯಲ್ಲಿ ಆ ಸಲದ ಕಬಡ್ಡಿ ಲೀಗಿನ ಜಾಹೀರಾತು ಬಂತು. ಬಣ್ಣ ಬಣ್ಣದ ಜೆರ್ಸಿಗಳು ಸಾಲಾಗಿ ನಿಂತಿದ್ದವು. ಅಜ್ಜಿ ರಿಮೋಟ್ ಒತ್ತಿ ಆರಿಸಿದರು. ಇದೆಲ್ಲ ನನ್ನ ತಲೆಗೆ ಹೋಗುವುದಿಲ್ಲ ಎಂದು ಅಮ್ಮನಿಗೆ ಹೇಳಿ ಹಿತ್ತಿಲಿಗೆ ನಡೆದರು. ಅದನ್ನು ಅವರು ಬೇಸರದಿಂದ ಹೇಳಿದ್ದರೆ ನಾನು ಬಹುಶಃ ಸಹಿಸಿಕೊಳ್ಳುತ್ತಿದ್ದೆ. ನಿಜವೆಂದು ಒಪ್ಪಿಕೊಂಡವರ ಹಾಗೆ, ಮಾಮೂಲಿ ಸ್ವರದಲ್ಲಿ ಹೇಳಿದರು. ನಾನು ಹಿಂದೆಯೇ ಹೋದೆ. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತಿದ್ದರು. ಅವರ ಕಾಲ ಬಳಿ ಕೂತು, ಸ್ಟೂಲು, ಪಿನ್, ಟೇಪು, ಬಸಳೆ ಎಲ್ಲ ಹೇಳಿದೆ. ಮುಖ ನೋಡುವ ಧೈರ್ಯವಾಗದೆ ಅವರ ಪಾದ ನೋಡುತ್ತ ಹೇಳಿದೆ.

ಅಜ್ಜಿ ಬೈಯಲಿಲ್ಲ. ಪಿನ್ ಯಾವ ಕಡೆಯಿಂದ ಚುಚ್ಚಿದೆ ಎಂದು ಕೇಳಿದರು. ನೇರಳೆ ನುಣ್ಣಗೆ ಇತ್ತಲ್ಲವೇ ಎಂದು ಕೇಳಿದರು. ಹೌದು, ರೇಷ್ಮೆ ಎಂದೆ. ಆಗ ಅವರು ಉಸಿರು ಬಿಟ್ಟದ್ದು ಈಗಲೂ ಕಿವಿಯಲ್ಲಿದೆ. ಎದ್ದು ನಿಂತರು. ಆ ನಿಲುವನ್ನು ನಾನು ನೋಡದೆ ಐದು ವರ್ಷವಾಗಿತ್ತು.

"ಹಾಗಾದರೆ ನನಗೆ ಎಂತದೂ ಆಗಿಲ್ಲ," ಎಂದರು. "ಶುಕ್ರವಾರ ಅಪ್ಪನ ಎದುರು ಇದನ್ನು ಹೇಳಬೇಕು ನೀನು."

ಹೇಳುತ್ತೇನೆ ಎಂದೆ. ಎರಡು ದಿನ ಅಜ್ಜಿ ಅಡುಗೆಮನೆಯಲ್ಲಿ ಅಮ್ಮನ ಹಿಂದೆ ಮುಂದೆ ಓಡಾಡಿ, ಹುಳಿ ಕಡಿಮೆಯಾಯಿತು, ಮೆಣಸು ಸರಿಯಾಗಿ ಅರೆಯಲಿಲ್ಲ ಎಂದು ಹಳೆಯ ಹಾಗೆ ಗದರಿದರು. ಅಮ್ಮನಿಗೆ ಏನಾಯಿತೆಂದು ತಿಳಿಯಲಿಲ್ಲ. ಶುಕ್ರವಾರ ಬಂತು. ನಾನು ಕಾಲೇಜಿಗೆ ರಜೆ ಹಾಕಿ ಫೋನಿನ ಎದುರು ಕೂತು, ಮಳೆಯ ಮಾತು, ಪರೀಕ್ಷೆಯ ಮಾತು ಎಲ್ಲ ಆಡಿದೆ, ಅದೊಂದನ್ನು ಬಿಟ್ಟು.

ಕಾದು ಕಾದು ಅಜ್ಜಿಯೇ ಹೇಳಿದರು. ನಾನು ಅವತ್ತು ನೇರಳೆಯನ್ನೇ ಇಟ್ಟದ್ದು, ಇವಳು ಬದಲಿಸಿದ್ದು, ನನಗೆ ಮರೆವೂ ಇಲ್ಲ ಎಂತದೂ ಇಲ್ಲ ಎಂದು ಸರಾಗವಾಗಿ ಹೇಳಿದರು. ಅಣ್ಣ ಅಮ್ಮನ ಮುಖ ನೋಡಿದ, ಅಮ್ಮ ಫೋನಿನ ಕಡೆ ನೋಡಿದಳು. ಮರೆವು ಹೆಚ್ಚಾದರೆ ಪ್ರಾಯವಾದವರು ಮನೆಯವರ ಮೇಲೇ ಸಂಶಯ ಪಡತೊಡಗುತ್ತಾರೆಂದು ಅಮ್ಮನೂ ಅಣ್ಣನೂ ಎಲ್ಲಿಯೋ ಕೇಳಿದ್ದರು. ಆ ಹೆದರಿಕೆ ಇಬ್ಬರ ಮುಖದಲ್ಲೂ ಇತ್ತು. ಅಜ್ಜಿ ನನ್ನ ಕೈ ಹಿಡಿದು ಅಲುಗಾಡಿಸಿದರು.

"ಹೌದು," ಎಂದೆ. "ನಾನೇ ಬದಲಿಸಿದ್ದು."

ಅಪ್ಪನ ಸ್ವರ ಒದ್ದೆಯಾಗಿತ್ತು.

"ಆಯ್ತು ಕ್ಯಾಪ್ಟನ್. ಅರ್ಥ ಆಯ್ತು. ಅಜ್ಜಿಯ ಸಮಾಧಾನಕ್ಕೆ ತಪ್ಪು ಮೈಮೇಲೆ ಹಾಕಿಕೊಳ್ತಿ ಅಲ್ವಾ? ಅಷ್ಟು ದೊಡ್ಡ ಮನಸ್ಸು ನನ್ನ ಮಗಳಿಗೆ ಉಂಟು ಅಂತ ಗೊತ್ತಿರಲಿಲ್ಲ."

ಅಮ್ಮ ಸೆರಗಿನಲ್ಲಿ ಕಣ್ಣು ಒರೆಸಿಕೊಂಡಳು. ಇಲ್ಲ ಅಪ್ಪ, ನಿಜ ಎಂದೆ ನಾನು, ಒಂದು ಸಲ, ಮೆಲ್ಲಗೆ. ಸ್ಟೂಲಿನ ಮಾತು, ಟೇಪಿನ ಮಾತು ಹೇಳಬಹುದಿತ್ತು. ಐದು ವರ್ಷದ ಶುಕ್ರವಾರದ ವರದಿಗಳೆಲ್ಲ ಅರ್ಧ ಸುಳ್ಳು ಎಂದು ಒಂದೊಂದಾಗಿ ಬಿಡಿಸಿ ಹೇಳಬಹುದಿತ್ತು. ಅಷ್ಟು ಹೇಳಿದ್ದರೆ ನಂಬುತ್ತಿದ್ದರು. ಆದರೆ ಅಪ್ಪ ಹಾಗೆ ಹೊಗಳುತ್ತಿದ್ದರು, ನಾನು ತಲೆ ತಗ್ಗಿಸಿ ಕೂತೆ. ತಲೆ ತಗ್ಗಿಸಿದ್ದನ್ನು ಅವರು ವಿನಯ ಎಂದುಕೊಂಡರು. ಆ ಹೊಗಳಿಕೆ ನನಗೆ ಬೇಕಾಗಿತ್ತು. ಇದನ್ನು ಬರೆಯಲು ಇಷ್ಟು ವರ್ಷ ಹಿಡಿದದ್ದು ಮುಖ್ಯವಾಗಿ ಈ ಒಂದು ಕಾರಣಕ್ಕೆ.

ಅಜ್ಜಿ ನನ್ನ ಕೈ ಬಿಟ್ಟರು. ಎಲ್ಲರ ಮುಖವನ್ನೂ ಒಂದು ಸುತ್ತು ನೋಡಿ ಒಳಗೆ ಹೋದರು. ಸಂಜೆ ನಾನು ಚಹಾ ತೆಗೆದುಕೊಂಡು ಹೋದಾಗ ಮಂಚದ ಮೇಲೆ ಕೂತಿದ್ದರು. ಲೋಟ ತೆಗೆದುಕೊಳ್ಳದೆ ಕೇಳಿದರು:

"ಆ ಒಗೆಯುವ ಕಲ್ಲಿನ ಹತ್ತಿರ ಹೇಳಿದೆಯಲ್ಲ, ಅದು ನನ್ನ ಸಮಾಧಾನಕ್ಕಾ ಮಗಾ?"

"ಅಲ್ಲ ಅಜ್ಜಿ. ದೇವರಾಣೆ ನಿಜ."

ಅಜ್ಜಿ ನನ್ನ ತಲೆಯ ಮೇಲೆ ಕೈ ಇಟ್ಟು ಕೂದಲು ಹಿಂದಕ್ಕೆ ಸರಿಸಿದರು.

"ನೀನು ಒಳ್ಳೆಯವಳು," ಎಂದರು.

ಆಮೇಲೆ, ಇವತ್ತಿನ ಮಾತ್ರೆ ತಾನು ತೆಗೆದುಕೊಂಡಾಯಿತೋ ಇಲ್ಲವೋ ಎಂದು ನನ್ನನ್ನೇ ಕೇಳಿದರು.